ರೋಗಿಸೇವೆಯೂ ದಾಸೋಹಭಾವವೂ

ದಾನವೆಂಬ ಮಾತು ಲೋಕದಲ್ಲಿ ಬಹು ಪುರಾತನವಾದುದು. ದಾಸೋಹವೆಂಬ ಮಾತಿಗೆ ಜೀವವನ್ನು ತುಂಬಿದವರು ಕಲ್ಯಾಣದ ಶಿವಶರಣರು. ಮೇಲುನೋಟಕ್ಕೆ ಇವೆರಡೂ ಒಂದೇ ಎಂದು ತೋರಬಹುದು. ಒಳಗಿನ ಭಾವವನ್ನು ವಿಚಾರಿಸಿದರೆ ಇವುಗಳಿಗಿರುವ ಅಂತರವು ತಿಳಿಯುತ್ತದೆ. ದಾನದಲ್ಲಿ ಕೊಡುವ ಕೈ ಮೇಲೆ, ಕೊಳ್ಳುವ ಕೈ ಕೆಳಗೆ. ದಾಸೋಹದಲ್ಲಿ ಕೊಡುವವನೇ ಬಾಗಿ ನಿಲ್ಲುತ್ತಾನೆ. ‘ದಾಸನು ನಾನು’ ಎಂಬ ಅರ್ಥವು ಆ ಪದದಲ್ಲಿಯೇ ಅಡಗಿದೆ. ಕೊಟ್ಟೆನೆಂಬ ಹಮ್ಮು ಹುಟ್ಟಿದೊಡನೆ ದಾಸೋಹವು ದಾನವಾಗಿ ಇಳಿದುಬಿಡುತ್ತದೆ. ಕೊಟ್ಟುದನ್ನು ನಾಲ್ವರ ಮುಂದೆ ಹೇಳಿಕೊಂಡರಂತೂ ಅದು ವ್ಯಾಪಾರವೇ ಆಗುತ್ತದೆ. ಈ ತತ್ತ್ವವು ಮಹಾಮನೆಯ ಪ್ರಸಾದದ ಪಂಕ್ತಿಗೆ ಮಾತ್ರ ಸಂಬಂಧಿಸಿದುದೆಂದು ತಿಳಿಯುವವರುಂಟು. ಹಾಗಲ್ಲ. ಹಸಿದವನ ಎಲೆಯ ಮುಂದೆ ಎಷ್ಟು ನಿಜವೋ, ರೋಗಿಯ ಹಾಸಿಗೆಯ ಬಳಿಯಲ್ಲಿಯೂ ಅದು ಅಷ್ಟೇ ನಿಜ.

ಈಗಿನ ಕಾಲದಲ್ಲಿ ಪರೋಪಕಾರಕ್ಕೆ ಒಂದು ಹೊಸ ರೂಪವು ಬಂದಿದೆ. ಓಡುವುದು, ನಡೆಯುವುದು, ಸೈಕಲ್ ತುಳಿಯುವುದು ಮುಂತಾದ ದೇಹಶ್ರಮವನ್ನು ಸಂಕಲ್ಪಿಸಿ, ಆ ಶ್ರಮದ ಹೆಸರಿನಲ್ಲಿ ಬಂಧುಮಿತ್ರರಿಂದ ಹಣವನ್ನು ಕೂಡಿಸಿ, ಅದನ್ನು ರೋಗಿಗಳಿಗೆ ಒಪ್ಪಿಸುವ ಪದ್ಧತಿಯದು. ಕೆನಡಾ ದೇಶದ ಟೆರ್ರಿ ಫಾಕ್ಸ್ ಎಂಬ ತರುಣನು ಮೂಳೆಯ ಕ್ಯಾನ್ಸರಿನಿಂದ 1977ರಲ್ಲಿ ಬಲಗಾಲನ್ನು ಕಳೆದುಕೊಂಡನು. ಆಸ್ಪತ್ರೆಯಲ್ಲಿ ತನ್ನ ಸುತ್ತಲಿದ್ದ ಎಳೆಯ ರೋಗಿಗಳ ಸಂಕಟವನ್ನು ಕಂಡು ಅವನ ಮನಸ್ಸು ಕರಗಿತು. 1980ರ ಏಪ್ರಿಲ್ 12ರಂದು ಕೃತಕ ಕಾಲನ್ನು ಧರಿಸಿ ತನ್ನ ದೇಶವನ್ನು ಅಡ್ಡಲಾಗಿ ಓಡಲಾರಂಭಿಸಿದನು. 143 ದಿನಗಳಲ್ಲಿ 5,373 ಕಿಲೋಮೀಟರುಗಳನ್ನು ಕ್ರಮಿಸಿದಾಗ ರೋಗವು ಶ್ವಾಸಕೋಶಕ್ಕೆ ಹರಡಿದುದು ತಿಳಿದು ಓಟವು ನಿಂತಿತು. 1981ರ ಜೂನ್ 28ರಂದು ತನ್ನ ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಅವನು ತೀರಿಕೊಂಡನು. ಅವನು ಓಡಿದ ಅದೇ 1980ನೆಯ ವರ್ಷದಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ಪ್ರಾಂತದಲ್ಲಿ, ಕ್ಯಾನ್ಸರಿನಿಂದ ತಾಯಿಯನ್ನು ಕಳೆದುಕೊಂಡಿದ್ದ ಬಿಲ್ಲಿ ಸ್ಟಾರ್ ಎಂಬವನು 36 ಮಂದಿಯೊಡನೆ ಸೈಕಲ್ ಯಾತ್ರೆಯೊಂದನ್ನು ತೊಡಗಿದನು. ಪ್ಯಾನ್ ಮಾಸ್ ಚಾಲೆಂಜ್ ಎಂಬ ಆ ಯಾತ್ರೆಯು ಈಗ ಪ್ರತಿವರ್ಷವೂ ಸಾವಿರಾರು ಮಂದಿಯನ್ನು ಸೇರಿಸುತ್ತದೆ. ಕ್ಯಾನ್ಸರ್ ಚಿಕಿತ್ಸೆ ಮತ್ತು ಸಂಶೋಧನೆಗಾಗಿ ಅದು ಕೂಡಿಸಿದ ಒಟ್ಟು ಹಣವು 100 ಕೋಟಿ ಡಾಲರುಗಳನ್ನು ಮೀರಿದೆ. ಕನ್ನಡ ನಾಡಿನ ರಸ್ತೆಗಳಲ್ಲಿಯೂ 2008ರಿಂದ ನಡೆದುಬಂದ ನೀಲಗಿರಿಯ ಸೈಕಲ್ ಯಾತ್ರೆಯಲ್ಲಿ ಧರ್ಮಕಾರ್ಯಕ್ಕೆಂದು ತುಳಿಯುವವರು ಸೇರಿದ್ದುಂಟು.

ಆ ಹಣವು ಸೇರಬೇಕಾದ ಸ್ಥಾನಗಳೂ ನಾಡಿನಲ್ಲಿವೆ. ಬೆಂಗಳೂರಿನ ಕಿದ್ವಾಯಿ ಸ್ಮಾರಕ ಸಂಸ್ಥೆಯು 1973ರಿಂದ ಬಡವರ ಕ್ಯಾನ್ಸರಿಗೆ ಚಿಕಿತ್ಸೆ ನೀಡುತ್ತ ಬಂದಿದೆ. ಚಿಕಿತ್ಸೆಯಿಂದ ಗುಣವಾಗದ ಹಂತಕ್ಕೆ ಬಂದವರಿಗಾಗಿ ಅದೇ ನಗರದಲ್ಲಿ ಕರುಣಾಶ್ರಯವೆಂಬ ಮನೆಯಿದೆ. ಅದನ್ನು ನಡೆಸುವ ವಿಶ್ವಸ್ಥ ಸಂಸ್ಥೆಯು 1994ರಲ್ಲಿ ಹುಟ್ಟಿತು. ಆಶ್ರಯಧಾಮವು 1999ರಲ್ಲಿ ತೆರೆಯಿತು. ಅಲ್ಲಿಯ ಆರೈಕೆಗೆ ರೋಗಿಯಿಂದ ಹಣವನ್ನು ಕೇಳುವುದಿಲ್ಲ. ಏಳು ಮಂದಿ ಉಪಾಧ್ಯಾಯರು ಮೊದಲಾಗಿ ನಿಂತು 1916ರಲ್ಲಿ ಬೆಳಗಾವಿಯಲ್ಲಿ ಕಟ್ಟಿದ ಕೆ.ಎಲ್.ಇ. ಸಂಸ್ಥೆಯು 2025ರಲ್ಲಿ ಅದೇ ಊರಿನಲ್ಲಿ ಕ್ಯಾನ್ಸರ್ ಆಸ್ಪತ್ರೆಯನ್ನು ತೆರೆದುದು ಸಮಾಜಬಾಂಧವರಿಗೆಲ್ಲ ತಿಳಿದ ವಿಷಯವೇ. ಹೀಗೆ ಸಾಧನವೂ ಇದೆ, ಸ್ಥಾನವೂ ಇದೆ. ವಿಚಾರಿಸಬೇಕಾದುದು ಭಾವವೊಂದೇ. ದೇಹಶ್ರಮದ ಈ ಹೊಸ ಪದ್ಧತಿಯು ದಾಸೋಹವಾಗುವುದು ಯಾವಾಗ? ಬರಿಯ ಪ್ರದರ್ಶನವಾಗುವುದು ಯಾವಾಗ?

ಈ ವಿಚಾರವು ತಿಳಿಯಾಗುವಂತೆ ದೃಷ್ಟಾಂತಕ್ಕಾಗಿ ಒಬ್ಬ ಗೃಹಸ್ಥನನ್ನು ಕಲ್ಪಿಸಿಕೊಳ್ಳೋಣ. ಅವನ ಊರು ಮೂಡುಬಿದಿರೆ. ಕೆಳದಿಯ ಅರಸರ ಆಳ್ವಿಕೆಯು ತುಳುನಾಡಿನವರೆಗೆ ಹಬ್ಬಿದ್ದ ಕಾಲದಿಂದ ಘಟ್ಟದ ಮೇಲಿನ ಶರಣ ಮನೆತನಗಳಿಗೂ ಆ ಸೀಮೆಗೂ ಬಳಕೆಯುಂಟು. ಅಂಥ ಮನೆತನವೊಂದರಲ್ಲಿ ಹುಟ್ಟಿದವನು ಅವನು. ಪೇಟೆಯಲ್ಲಿ ಒಂದು ಅಂಗಡಿ. ಅಡಿಕೆ, ವೀಳ್ಯದೆಲೆ, ದಿನಸಿ ಅವನ ವ್ಯಾಪಾರ. ಮನೆಯಲ್ಲಿ ಹೆಂಡತಿ, ಇಬ್ಬರು ಮಕ್ಕಳು, ವೃದ್ಧೆಯಾದ ತಾಯಿ. ಅವನ ತಂದೆಯು ಕ್ಯಾನ್ಸರಿನಿಂದ ತೀರಿಕೊಂಡವನು. ಆದಕಾರಣ, ಘಟ್ಟವನ್ನೇರಿ ಬೆಂಗಳೂರಿನವರೆಗೆ ಸೈಕಲ್ ತುಳಿದು ರೋಗಿಗಳ ನಿಧಿಗೆ ಹಣವನ್ನು ಕೂಡಿಸುವ ಒಂದು ತಂಡದಲ್ಲಿ ಅವನು ಹೆಸರು ಬರೆಯಿಸಿದನು. ಯಾತ್ರೆಗೆ ಆರು ತಿಂಗಳಿದ್ದವು.

ಅಭ್ಯಾಸವು ಪ್ರಾರಂಭವಾಯಿತು. ಬೆಳಗಿನ ನಾಲ್ಕೂವರೆಗೆದ್ದು, ಸ್ನಾನ ಮಾಡಿ, ಇಷ್ಟಲಿಂಗಾರ್ಚನೆಯನ್ನು ಮುಗಿಸಿ, ಅವನು ಸೈಕಲ್ಲನ್ನು ಹತ್ತುವನು. ಮೊದಲ ವಾರ ಊರ ಸುತ್ತಿನ ಹತ್ತು ಕಿಲೋಮೀಟರು, ಬಳಿಕ ಕಾರ್ಕಳದವರೆಗೆ, ಬಳಿಕ ವೇಣೂರು, ಗುರುವಾಯನಕೆರೆಗಳ ಏರಿಳಿತದ ದಾರಿ. ಒಂದೇ ಸಲಕ್ಕೆ ಬಹಳ ತುಳಿದವನ ಮೊಣಕಾಲು ಹಿಡಿಯುತ್ತದೆ; ಪ್ರತಿವಾರವೂ ಸ್ವಲ್ಪ ಸ್ವಲ್ಪವಾಗಿ ಹೆಚ್ಚಿಸಬೇಕು, ನಡುವೆ ಒಂದು ದಿನ ದೇಹಕ್ಕೆ ವಿಶ್ರಾಂತಿಯನ್ನು ಕೊಡಬೇಕು. ಕರಾವಳಿಯ ಬೆವರಿಗೆ ಬರಿಯ ನೀರು ಸಾಲದು. ಉಪ್ಪು ಹಾಕಿದ ಗಂಜಿತಿಳಿಯನ್ನು ಕುಡಿಯಬೇಕು. ಏರಿನಲ್ಲಿ ಉಸಿರು ಕಟ್ಟುವ ಮೊದಲೇ ಹಲ್ಲಿನ ಚಕ್ರವನ್ನು ಬದಲಿಸಿ ಹಗುರಾಗಿ ತುಳಿಯಬೇಕು. ಇದೆಲ್ಲವೂ ಒಂದು ನಿಯಮವೇ. ನಾಲಗೆಯ ಚಪಲವು ಕಡಿಮೆಯಾಯಿತು, ರಾತ್ರಿಯ ಹರಟೆಯು ನಿಂತಿತು, ದೇಹವು ಹೇಳಿದ ಮಾತನ್ನು ಕೇಳತೊಡಗಿತು. ಶರಣಧರ್ಮವು ಕಾಯವನ್ನು ತುಚ್ಛವೆಂದು ತಿರಸ್ಕರಿಸುವುದಿಲ್ಲ. ಲಿಂಗವನ್ನು ಹೊತ್ತ ಕಾಯವು ಪ್ರಸಾದಕಾಯವಾಗಬೇಕೆಂದು ಬೋಧಿಸುತ್ತದೆ. ಆದುದರಿಂದ ದೇಹವನ್ನು ಒಂದು ಸತ್ಕಾರ್ಯಕ್ಕಾಗಿ ಹದಗೊಳಿಸುವುದರಲ್ಲಿ ದೋಷವೇನೂ ಇಲ್ಲ.

ತಂಡದ ಹಿರಿಯರೊಬ್ಬರು ಅವನಿಗೆ ಒಂದು ಮಾತನ್ನು ಹೇಳಿದರು. ಯಾರಿಗಾಗಿ ತುಳಿಯುತ್ತೀಯೋ ಅವರ ಮುಖವನ್ನು ನೋಡದೆ ತುಳಿಯಬೇಡ ಎಂಬುದೇ ಆ ಮಾತು. ಮನೆಯಲ್ಲಿಯೇ ಮಲಗಿರುವ ರೋಗಿಗಳಿಗೆ ವೈದ್ಯರ ಸೂಚನೆಯಂತೆ ನೆರವಾಗುವ ಸೇವಕರೊಡನೆ ಅವನು ಹೋಗತೊಡಗಿದನು. ಇಂಥ ಸೇವೆಯ ಕ್ರಮವು ನೆರೆಯ ಕೇರಳದಲ್ಲಿ ಬೇರೂರಿದೆ. 1993ರಲ್ಲಿ ಕಲ್ಲಿಕೋಟೆಯಲ್ಲಿ ಕೆಲವು ವೈದ್ಯರು ಪ್ರಾರಂಭಿಸಿದ ನೋವುಶಮನದ ಸಂಘವು ಮುಂದೆ ಊರೂರಿನ ಸಾಮಾನ್ಯ ಗೃಹಸ್ಥರನ್ನೇ ಸೇವೆಗೆ ತೊಡಗಿಸಿತು. ರೋಗಿಯ ನೋವು ದೇಹದ್ದು ಮಾತ್ರವಲ್ಲ, ಮನಸ್ಸಿನದು, ಸಂಸಾರದ್ದು, ಆತ್ಮದ್ದು ಎಂಬ ಅರಿವು ಈ ಸೇವೆಯ ಮೂಲ. 1967ರಲ್ಲಿ ಲಂಡನ್ನಿನಲ್ಲಿ ಸಿಸಿಲಿ ಸಾಂಡರ್ಸ್ ಎಂಬ ವೈದ್ಯೆಯು ಮರಣಾಸನ್ನರಿಗಾಗಿ ಆಶ್ರಯಧಾಮವನ್ನು ತೆರೆದಾಗ ಎತ್ತಿಹಿಡಿದ ತತ್ತ್ವವೂ ಇದೇ.

ಅವನ ಪಾಲಿಗೆ ಬಂದ ರೋಗಿಯು ಅರುವತ್ತೈದು ದಾಟಿದ ಒಬ್ಬ ಹಿರಿಯ. ದವಡೆಯಲ್ಲಿ ಹುಣ್ಣು. ಶಸ್ತ್ರಚಿಕಿತ್ಸೆಯೂ ಮಂಗಳೂರಿನಲ್ಲಿ ವಿಕಿರಣ ಚಿಕಿತ್ಸೆಯೂ ಆಗಿ, ರೋಗವು ಮರುಕಳಿಸಿತ್ತು. ಬಾಯಿ ಒಣಗಿತ್ತು, ಮಾತು ತೊದಲುತ್ತಿತ್ತು, ಆಹಾರವು ಮೂಗಿನ ನಳಿಗೆಯಿಂದ ಹೋಗಬೇಕಾಗಿತ್ತು. ಅಲ್ಲಿ ಮಾಡಬೇಕಾದ ಕೆಲಸವು ದೊಡ್ಡದೇನೂ ಅಲ್ಲ. ಮಲಗಿದವನನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸುವುದು. ಬೆನ್ನು ಹುಣ್ಣಾಗದಂತೆ ಒರೆಸಿ ಒಣಗಿಸುವುದು. ಒದ್ದೆಯ ಅರಿವೆಯಿಂದ ಬಾಯನ್ನು ಶುಚಿಗೊಳಿಸುವುದು. ನೋವಿನ ಔಷಧವನ್ನು ಹೊತ್ತು ತಪ್ಪದೆ ಕೊಡುವುದು. ನೋವು ಮೇಲೇರಿದ ಮೇಲೆ ಔಷಧವನ್ನು ಹುಡುಕುವುದಲ್ಲ, ಏರದಂತೆ ಗಡಿಯಾರವನ್ನು ನೋಡಿ ಕೊಡುವುದು ಸರಿಯಾದ ಕ್ರಮ. ವಿಶ್ವ ಆರೋಗ್ಯ ಸಂಸ್ಥೆಯು 1986ರಲ್ಲಿಯೇ ಇದನ್ನು ಸೂಚಿಸಿದೆ. ಕಡುನೋವಿಗೆ ವೈದ್ಯರು ಕೊಡುವ ಮಾರ್ಫಿನ್ ಔಷಧವು ಚಟವನ್ನು ಹಿಡಿಸುತ್ತದೆಂದು ಹೆದರಿ ರೋಗಿಯನ್ನು ನರಳಿಸುವ ಮನೆಗಳುಂಟು. ವೈದ್ಯರ ಅಳತೆಯಲ್ಲಿ ನೋವಿಗಾಗಿ ಕೊಟ್ಟಾಗ ಆ ಭಯಕ್ಕೆ ಆಸ್ಪದವು ಬಹಳ ಕಡಿಮೆ. ಅದು ದೊರೆಯುವುದನ್ನು ಸುಲಭಗೊಳಿಸಲು 2014ರಲ್ಲಿ ಕಾನೂನನ್ನೂ ತಿದ್ದಲಾಗಿದೆ. ಬದುಕಿರುವವನನ್ನು ನೋವಿನಲ್ಲಿ ಬೇಯಿಸಿ, ಸತ್ತ ಮೇಲೆ ಅವನ ಹೆಸರಿನಲ್ಲಿ ನೂರು ಮಂದಿಗೆ ಊಟವಿಕ್ಕಿದರೆ ಅದು ಧರ್ಮವೆ?

ಎಲ್ಲಕ್ಕಿಂತ ಕಠಿನವಾದ ಸೇವೆಯು ಸುಮ್ಮನೆ ಕುಳಿತಿರುವುದು. ನೋಡಲು ಬಂದವರು ಉಪದೇಶವನ್ನು ಮಾಡುತ್ತಾರೆ. ಯಾವುದೋ ಊರಿನ ಬೇರನ್ನು ತರಿಸಿರೆನ್ನುತ್ತಾರೆ. ಪಕ್ಕದೂರಿನಲ್ಲಿ ಇದೇ ರೋಗದಿಂದ ಸತ್ತವರ ಕಥೆಯನ್ನು ರೋಗಿಯ ಮುಂದೆಯೇ ಹೇಳುತ್ತಾರೆ. ಈ ಗೃಹಸ್ಥನೂ ಮೊದಲ ದಿನ ಬಹಳ ಮಾತನಾಡಿದನು. ಹಿರಿಯನು ಕಣ್ಣು ಮುಚ್ಚಿಕೊಂಡನು. ಎರಡನೆಯ ವಾರ ಮಾತು ಕಡಿಮೆಯಾಯಿತು. ಮೂರನೆಯ ವಾರ ಅವನು ಕೈಹಿಡಿದು ಕುಳಿತಿದ್ದಾಗ ಹಿರಿಯನೇ ಮಾತನಾಡಿದನು.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಕ್ಯಾನ್ಸರ್ ಅಂಟುರೋಗವಲ್ಲ. ಆದರೂ ರೋಗಿಯ ಲೋಟವನ್ನು ಬೇರೆ ಇಡುವ, ಮಕ್ಕಳನ್ನು ಅವನ ಬಳಿಗೆ ಬಿಡದಿರುವ, ಅವನಿರುವ ಮನೆಯೊಡನೆ ಹೆಣ್ಣುಗಂಡಿನ ಮಾತನ್ನೇ ಆಡದಿರುವ ಮನೆಗಳು ಲಿಂಗವಂತರಲ್ಲಿಯೂ ಇವೆ. ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಪಂಚಸೂತಕಗಳನ್ನು ಲಿಂಗಧಾರಿಗೆ ಇಲ್ಲವೆಂದು ಶರಣರು ಕಿತ್ತೆಸೆದರು. ಹಾಗಿರುವಾಗ ರೋಗಸೂತಕವೆಂಬ ಆರನೆಯದೊಂದನ್ನು ಹೊಸದಾಗಿ ಕಟ್ಟಿಕೊಳ್ಳುವುದು ಯಾವ ನ್ಯಾಯ? ಇನ್ನು ಕೆಲವರು, ಇದು ಪೂರ್ವಜನ್ಮದ ಕರ್ಮಫಲವೆಂದು ರೋಗಿಗೆ ಕೇಳುವಂತೆ ನುಡಿಯುತ್ತಾರೆ. ಹಸಿದವನಿಗೆ ಅನ್ನವನ್ನಿಕ್ಕುವ ಮೊದಲು ಅವನ ಹಸಿವಿನ ಕಾರಣವನ್ನು ವಿಚಾರಿಸುವವನು ದಾಸೋಹಿಯಲ್ಲ. ನೋವಿನಲ್ಲಿರುವವನ ಮುಂದೆ ಕರ್ಮದ ಲೆಕ್ಕವನ್ನು ಬಿಚ್ಚುವವನೂ ಶರಣನಲ್ಲ. ಶರಣರಲ್ಲಿ ವೈದ್ಯ ಸಂಗಣ್ಣನಂಥ ಕಾಯಕಜೀವಿಯಿದ್ದನು. ವೈದ್ಯನ ಕಾಯಕವು ರೋಗವನ್ನು ಅರಿತು ಮದ್ದನ್ನು ಕೊಡುವುದು, ರೋಗಿಯನ್ನು ದೂಷಿಸುವುದಲ್ಲ.

ಆದರೆ ರೋಗಕ್ಕೆ ಈ ಜನ್ಮದ ಕಾರಣಗಳಿರುವುದೂ ನಿಜ. ಮೂರನೆಯ ವಾರ ಹಿರಿಯನು ಆಡಿದ ಮಾತು ಅದನ್ನೇ ಕುರಿತದ್ದು. ಅವನು ತೊದಲುತ್ತ ಹೇಳಿದನು: “ತಮ್ಮಾ, ನಲವತ್ತು ವರ್ಷ ಎಲೆಯಡಿಕೆ, ಹೊಗೆಸೊಪ್ಪು ಹಾಕಿದೆ. ಮೊದಲು ನಿನ್ನ ಅಪ್ಪಯ್ಯನ ಅಂಗಡಿಯಿಂದ ತರುತ್ತಿದ್ದೆ, ಆಮೇಲೆ ನಿನ್ನ ಅಂಗಡಿಯಿಂದ. ನಿನ್ನ ಮೇಲೆ ಸಿಟ್ಟಿಲ್ಲ. ನನಗೆ ಯಾರೂ ಹೇಳಲಿಲ್ಲ, ನಿನಗೂ ಯಾರೂ ಹೇಳಿರಲಿಕ್ಕಿಲ್ಲ.”

ಆ ಮಾತಿನಲ್ಲಿ ಕೋಪವಿರಲಿಲ್ಲ. ಆದುದರಿಂದಲೇ ಅದು ಆಳಕ್ಕೆ ನಾಟಿತು. ಅಂದು ಆ ಗೃಹಸ್ಥನು ಮನೆಗೆ ಬಂದು ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಕುಳಿತಾಗ ಮನಸ್ಸು ನಿಲ್ಲಲಿಲ್ಲ. ಕಾಯಕವು ಸತ್ಯಶುದ್ಧವಾಗಿರಬೇಕೆಂಬುದು ಶರಣಧರ್ಮದ ಅಡಿಗಲ್ಲು. ಹೊಗೆಸೊಪ್ಪು ಕ್ಯಾನ್ಸರನ್ನು ತರುತ್ತದೆಂಬುದು ಬಹುಕಾಲದಿಂದ ತಿಳಿದ ವಿಷಯ. ಹೊಗೆಸೊಪ್ಪು ಸೇರದ ಬರಿಯ ಅಡಿಕೆಯನ್ನು ಜಗಿಯುವುದೂ ಬಾಯಿಯ ಕ್ಯಾನ್ಸರಿಗೆ ಕಾರಣವಾಗಬಲ್ಲದೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ನಿರ್ಣಯಿಸಿದೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಮನೆಗಳಿಗೆ ಅಡಿಕೆಯ ತೋಟವೇ ಅನ್ನ; ಮಕ್ಕಳ ವಿದ್ಯೆ, ಮದುವೆ, ಮನೆಯ ಮಾಡು ಎಲ್ಲವೂ ಅದರಿಂದಲೇ. ಇಲ್ಲಿ ಸುಲಭವಾದ ಉತ್ತರವಿದೆಯೆಂದು ಹೇಳುವವನು ತೋಟದ ಅಂಚಿನಲ್ಲಿ ನಿಂತು ನೋಡಿದವನಲ್ಲ. ಬೆಳೆದವನನ್ನು ಪಾಪಿಯೆಂದು ಬೈಯುವುದು ಧರ್ಮವಲ್ಲ. ತಿಳಿದೂ ತಿಳಿಯದವನಂತೆ ಇರುವುದೂ ಧರ್ಮವಲ್ಲ. ಇವೆರಡರ ನಡುವೆ ತನ್ನ ಕೈಲಾದುದು ಯಾವುದೆಂದು ಪ್ರತಿಯೊಬ್ಬನೂ ತನ್ನ ಲಿಂಗವನ್ನೇ ಸಾಕ್ಷಿಯಾಗಿಟ್ಟುಕೊಂಡು ಕೇಳಿಕೊಳ್ಳಬೇಕು.

ಆ ಗೃಹಸ್ಥನು ಕೇಳಿಕೊಂಡನು. ಮರುದಿನ ಅಂಗಡಿಯಿಂದ ಹೊಗೆಸೊಪ್ಪನ್ನೂ, ಜಗಿಯುವ ಪೊಟ್ಟಣಗಳನ್ನೂ ತೆಗೆದುಹಾಕಿದನು. ವ್ಯಾಪಾರವು ತಗ್ಗಿತು, ಹೆಂಡತಿಯು ಚಿಂತಿಸಿದಳು. ಶುಭಕಾರ್ಯದ ತಟ್ಟೆಗೆ ಬೇಕಾದ ಅಡಿಕೆ ಮತ್ತು ಎಲೆಗಳನ್ನು ಇಟ್ಟುಕೊಂಡನು. ತಟ್ಟೆಯಲ್ಲಿ ವೀಳ್ಯವನ್ನಿಟ್ಟು ಗೌರವಿಸುವುದು ಬೇರೆ, ದಿನವಿಡೀ ದವಡೆಯಲ್ಲಿಟ್ಟು ಜಗಿಯುವುದು ಬೇರೆ ಎಂದು ಕೊಳ್ಳಲು ಬಂದ ಎಳೆಯರಿಗೆ ಹೇಳತೊಡಗಿದನು. ಬಾಯಿಯಲ್ಲಿ ಎರಡು ಮೂರು ವಾರಗಳಾದರೂ ಮಾಯದ ಹುಣ್ಣು, ಬಿಳಿಯ ಅಥವಾ ಕೆಂಪು ಮಚ್ಚೆ, ಬಾಯಿ ಪೂರ್ತಿ ತೆರೆಯಲಾಗದಿರುವುದು, ಇವುಗಳಲ್ಲಿ ಯಾವುದೊಂದು ಕಂಡರೂ ತಡಮಾಡದೆ ವೈದ್ಯರ ಬಳಿಗೆ ಹೋಗಿರೆಂದು ಹೇಳಿದನು. ತಡಮಾಡಿದ ರೋಗವೇ ಕೊಲ್ಲುವ ರೋಗ. ಸ್ತನದ ಗಂಟನ್ನೂ ಮುಟ್ಟು ನಿಂತ ಮೇಲಿನ ರಕ್ತಸ್ರಾವವನ್ನೂ ನಾಚಿಕೆಯಿಂದ ಮುಚ್ಚಿಡುವ ತಾಯಂದಿರಿಗೂ ಈ ಮಾತು ಅನ್ವಯಿಸುತ್ತದೆ.

ಈಗ ದೃಷ್ಟಾಂತದ ಮರ್ಮಸ್ಥಾನಕ್ಕೆ ಬರಬೇಕು. ಯಾತ್ರೆಗೆ ಮೂರು ವಾರಗಳಿದ್ದವು. ಉಜಿರೆಯಿಂದ ಚಾರ್ಮಾಡಿ ಘಟ್ಟವನ್ನು ಕೊಟ್ಟಿಗೆಹಾರದವರೆಗೆ ತಂಡದೊಡನೆ ಏರಿ ಇಳಿಯುವ ಕೊನೆಯ ದೊಡ್ಡ ಅಭ್ಯಾಸವು ಭಾನುವಾರ ಬೆಳಗ್ಗೆ ನಿಶ್ಚಯವಾಗಿತ್ತು. ಅದೊಂದು ತಪ್ಪಿದರೆ ಯಾತ್ರೆಯಲ್ಲಿ ಘಟ್ಟವನ್ನು ಹತ್ತುವುದು ಸಂಶಯವೇ. ಶನಿವಾರ ಸಂಜೆ ಹಿರಿಯನ ಮನೆಯಿಂದ ಹೊರಡುವಾಗ ಅವನ ಹೆಂಡತಿಯು ಬಾಗಿಲಿನ ಬಳಿ ನಿಂತು ಸಂಕೋಚದಿಂದ ಹೇಳಿದಳು: “ತಮ್ಮಾ, ಕೇಳಬಾರದು. ಮೂರು ರಾತ್ರಿಯಿಂದ ನಾನು ಕಣ್ಣು ಮುಚ್ಚಿಲ್ಲ. ಈ ಒಂದು ರಾತ್ರಿ ನೀನು ಇಲ್ಲಿದ್ದರೆ ನಾನು ಸ್ವಲ್ಪ ಮಲಗಿಯೇನು.”

ಅವನು ಏನು ಮಾಡಬೇಕು? ಪ್ರತಿಜ್ಞೆಯೂ ದೊಡ್ಡದೇ. ಹಣವನ್ನು ಕೊಟ್ಟವರು ಅವನು ತುಳಿಯುತ್ತಾನೆಂದು ನಂಬಿ ಕೊಟ್ಟಿದ್ದಾರೆ. ಕಾಯಕದಲ್ಲಿ ತೊಡಗಿದಾಗ ಗುರುದರ್ಶನವನ್ನೂ ಲಿಂಗಪೂಜೆಯನ್ನೂ ಮರೆಯಬೇಕೆಂದು ಬೋಧಿಸಿದ ಶರಣರಿದ್ದಾರೆ. ಹುಲ್ಲು ಕೊಯ್ದು ಹಗ್ಗ ಹೊಸೆಯುತ್ತಿದ್ದ ನುಲಿಯ ಚಂದಯ್ಯನ ಕಥೆಯು ಎಲ್ಲರಿಗೂ ತಿಳಿದದ್ದೇ. ಆ ಮಾತನ್ನು ಹಿಡಿದು, ಅಭ್ಯಾಸವೇ ತನ್ನ ಕಾಯಕವೆಂದು ಅವನು ಹೊರಟುಬಿಡಬಹುದಾಗಿತ್ತು. ಇಲ್ಲಿಯೇ ವಿವೇಕವು ಬೇಕು. ತನಗೆ ಪ್ರಿಯವಾದುದನ್ನೆಲ್ಲ ಕಾಯಕವೆಂದು ಕರೆಯಲಾಗದು. ಸತ್ಯಶುದ್ಧವಾಗಿ ದುಡಿದು, ಬಂದುದನ್ನು ಗುರುಲಿಂಗಜಂಗಮಕ್ಕೆ ಸಲ್ಲಿಸಿ, ಉಳಿದುದನ್ನು ಪ್ರಸಾದವೆಂದು ಉಣ್ಣುವ ದುಡಿಮೆ ಕಾಯಕ. ಅದು ಅವನ ಅಂಗಡಿ. ಬೆಳಗಿನ ಸೈಕಲ್ ಅಭ್ಯಾಸವು ನಿಯಮ. ರೋಗಿಯ ಬಳಿಯ ಸೇವೆಯು ದಾಸೋಹ. ನಿಯಮವು ದಾಸೋಹಕ್ಕಾಗಿ ಇದೆಯಲ್ಲದೆ ದಾಸೋಹವು ನಿಯಮಕ್ಕಾಗಿ ಇಲ್ಲ. ಅಡುಗೆಯನ್ನು ಮಾಡುವುದು ಉಣಬಡಿಸುವುದಕ್ಕಾಗಿ. ಹಸಿದವನು ಬಾಗಿಲಿಗೆ ಬಂದಾಗ, ಪಾತ್ರೆಯನ್ನು ಬೆಳಗುತ್ತಿದ್ದೇನೆ, ನಾಳೆ ಬಾ ಎನ್ನುವುದುಂಟೆ?

ಅವನು ಉಳಿದನು. ರಾತ್ರಿ ಎರಡು ಗಂಟೆಗೊಮ್ಮೆ ಹಿರಿಯನನ್ನು ಮಗ್ಗುಲು ಬದಲಿಸಿದನು, ಬಾಯನ್ನು ಒರೆಸಿದನು, ಔಷಧವನ್ನು ಕೊಟ್ಟನು. ಒಳಗಿನ ಕೋಣೆಯಲ್ಲಿ ಆ ತಾಯಿಯು ಬೆಳಗಿನವರೆಗೆ ಮಲಗಿ ನಿದ್ರಿಸಿದಳು. ಆ ನಿದ್ರೆಯನ್ನು ಯಾವ ನಿಧಿಯ ಲೆಕ್ಕದಲ್ಲಿ ಬರೆಯುವುದು? ಬೆಳಕು ಹರಿಯುವಾಗ ತಂಡವು ಉಜಿರೆಯನ್ನು ದಾಟಿ ಹೋಗಿತ್ತು.

ಹತ್ತು ದಿನಗಳ ಬಳಿಕ ಹಿರಿಯನು ಶಾಂತವಾಗಿ ತೀರಿಕೊಂಡನು. ಯಾತ್ರೆಯ ದಿನ ಆ ಗೃಹಸ್ಥನು ಚಾರ್ಮಾಡಿಯ ತಿರುವುಗಳಲ್ಲಿ ಅರ್ಧದಾರಿಗೆ ಬರುವಾಗ ಅವನ ಕಾಲು ಸೋತಿತು. ಸೈಕಲ್ಲಿನಿಂದಿಳಿದು ಅದನ್ನು ತಳ್ಳಿಕೊಂಡು ನಡೆದನು. ಹಿಂದಿನಿಂದ ಬಂದ ಹುಡುಗರು ಅಭ್ಯಾಸ ಸಾಲದೆಂದು ನಕ್ಕು ಮುಂದೆ ಹೋದರು. ಅವನು ಕಾರಣವನ್ನು ಹೇಳಲಿಲ್ಲ. ದಾಸೋಹವು ದಾಸೋಹವಾಗಿಯೇ ಉಳಿದುದು ಆ ಮೌನದಲ್ಲಿ. ಬಸವಣ್ಣನವರ ಮಹಾಮನೆಯಲ್ಲಿ ಮರುಳಶಂಕರದೇವರು ಹನ್ನೆರಡು ವರ್ಷ ಯಾರ ಕಣ್ಣಿಗೂ ಬೀಳದೆ ಇದ್ದರೆಂದು ಶೂನ್ಯಸಂಪಾದನೆಯು ಹೇಳುತ್ತದೆ. ಪ್ರಭುದೇವರು ತೋರಿಸಿದಾಗಲೇ ಉಳಿದವರಿಗೆ ತಿಳಿದುದು. ಸೊನ್ನಲಿಗೆಯ ಸಿದ್ಧರಾಮನು ಕೆರೆಯನ್ನು ಕಟ್ಟಿಸಿದ ಮಹಾಪುರುಷ. ಅವನನ್ನೂ ಪ್ರಭುದೇವರು ಕಟುವಾಗಿ ಪ್ರಶ್ನಿಸಿದರು. ಕೆರೆಯು ಬೇಡವೆಂದಲ್ಲ, ಕಟ್ಟಿದೆನೆಂಬುದು ಬೇಡವೆಂದು. ರೋಗಿಯ ಹಾಸಿಗೆಯ ಪಕ್ಕದಲ್ಲಿ ನಿಂತು ತನ್ನ ಚಿತ್ರವನ್ನು ತೆಗೆಸಿ ಹಂಚುವ ಈಗಿನ ಅಭ್ಯಾಸಕ್ಕೂ ಈ ಪ್ರಶ್ನೆಯು ಸಲ್ಲುತ್ತದೆ. ಆ ಮುಖವು ರೋಗಿಯದು. ಅದನ್ನು ಲೋಕಕ್ಕೆ ತೋರುವ ಅಧಿಕಾರವು ಸೇವಕನಿಗಿಲ್ಲ.

ಹಣದ ಶುದ್ಧಿಯನ್ನು ಕುರಿತು ಒಂದು ಮಾತು ಉಳಿದಿದೆ. ಆಯ್ದಕ್ಕಿ ಮಾರಯ್ಯನು ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದವನು. ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ, ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬಾ ಎಂದು ಪತ್ನಿ ಲಕ್ಕಮ್ಮನು ಹಿಂದಕ್ಕೆ ಕಳುಹಿಸಿದಳು. ದಾಸೋಹಕ್ಕೆಂದೇ ತಂದ ಅಕ್ಕಿಯಾದರೂ ಆಸೆಯ ಸೋಂಕು ತಗುಲಿದರೆ ಅದು ಸಲ್ಲದು. ರೋಗಿಯ ಹೆಸರಿನಲ್ಲಿ ಕೂಡಿಸಿದ ಹಣದಿಂದ ತನ್ನ ಸೈಕಲ್ಲು, ಉಡುಪು, ಊಟ, ವಸತಿಗಳನ್ನು ಭರಿಸಿಕೊಳ್ಳುವವನು ಲಕ್ಕಮ್ಮನ ಮುಂದೆ ನಿಲ್ಲಲಾರನು. ಸಾಧನವು ಕೆಟ್ಟರೆ ಫಲವೂ ಕೆಡುತ್ತದೆಂಬುದಕ್ಕೆ ಲೋಕದಲ್ಲಿ ಒಂದು ದೊಡ್ಡ ನಿದರ್ಶನವಿದೆ. ಅಮೆರಿಕದ ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್ ಎಂಬ ಸೈಕಲ್ ಪಟುವು 1996ರಲ್ಲಿ ಪುಪ್ಪುಸ ಮತ್ತು ಮಿದುಳಿಗೂ ಹರಡಿದ್ದ ಕ್ಯಾನ್ಸರಿನಿಂದ ನರಳಿ ಗುಣಮುಖನಾದನು. 1997ರಲ್ಲಿ ರೋಗಿಗಳಿಗಾಗಿ ಸಂಸ್ಥೆಯನ್ನು ಕಟ್ಟಿದನು. 1999ರಿಂದ 2005ರವರೆಗೆ ಫ್ರಾನ್ಸ್ ದೇಶದ ಮಹಾಸ್ಪರ್ಧೆಯಲ್ಲಿ ಏಳು ಬಾರಿ ಗೆದ್ದನು. ಲೋಕದ ಲಕ್ಷಾಂತರ ರೋಗಿಗಳು ಅವನಿಂದ ಧೈರ್ಯವನ್ನು ಪಡೆದರು. ಆ ಗೆಲುವುಗಳು ನಿಷಿದ್ಧ ಔಷಧದ ಬಲದಿಂದ ಬಂದವೆಂದು ಸಿದ್ಧವಾಗಿ 2012ರಲ್ಲಿ ಏಳು ಪದವಿಗಳೂ ಹೋದವು. 2013ರಲ್ಲಿ ಅವನೇ ತಪ್ಪನ್ನು ಒಪ್ಪಿಕೊಂಡನು. ರೋಗಿಗಳಿಗೆ ಸಂದ ನೆರವು ಸುಳ್ಳಲ್ಲ. ಆದರೆ ಅವನನ್ನು ನಂಬಿ ಧೈರ್ಯ ತಾಳಿದವರ ಮನಸ್ಸಿಗೆ ಆದ ಗಾಯವೂ ಸುಳ್ಳಲ್ಲ. ನಡೆಯು ಶುದ್ಧವಿಲ್ಲದಿದ್ದರೆ ನೀಡುವ ಕೈಯೂ ನಡುಗುತ್ತದೆ.

ಸ್ಥಾವರ, ಜಂಗಮ ಎಂಬ ಮಾತುಗಳ ಅರ್ಥವನ್ನು ಈ ದೃಷ್ಟಾಂತದ ಬೆಳಕಿನಲ್ಲಿ ಮತ್ತೊಮ್ಮೆ ನೋಡಬಹುದು. ಗಾಲಿಯ ಮೇಲೆ ಊರಿಂದೂರಿಗೆ ಹೋಗುವವನು ಜಂಗಮ, ಹಾಸಿಗೆಯಲ್ಲಿ ಅಲುಗಾಡದೆ ಮಲಗಿದವನು ಸ್ಥಾವರ ಎಂದು ಮೇಲ್ನೋಟಕ್ಕೆ ತೋರುತ್ತದೆ. ಜಂಗಮತ್ವವು ಕಾಲಿನ ಚಲನೆಯಲ್ಲಿಲ್ಲ, ಚೈತನ್ಯದಲ್ಲಿದೆ, ಅರಿವಿನಲ್ಲಿದೆ. ಮಲಗಿದಲ್ಲಿಂದ ಏಳಲಾರದ ಹಿರಿಯನ ಒಂದು ಮಾತು ಅಂಗಡಿಯೊಂದನ್ನು ಶುದ್ಧಗೊಳಿಸಿತು, ಎಷ್ಟೋ ಎಳೆಯರ ಬಾಯಿಂದ ಹೊಗೆಸೊಪ್ಪನ್ನು ಬಿಡಿಸಿತು. ಹೀಗೆ ನಡೆದುಬಂದು ಅರಿವನ್ನು ನೀಡಿದವನು ಆ ರೋಗಿಯೇ. ಸೇವೆಯನ್ನು ಮಾಡಹೋದವನೇ ಸೇವೆಯನ್ನು ಪಡೆದು ಬಂದನು. ಆದಕಾರಣ ರೋಗಿಯ ಮನೆಯ ಹೊಸ್ತಿಲನ್ನು ದಾಟುವಾಗ, ಜಂಗಮನ ಬಳಿಗೆ ಹೋಗುತ್ತಿದ್ದೇನೆಂಬ ಭಾವವಿರಬೇಕು.

ಎಲ್ಲರೂ ಸೈಕಲ್ಲನ್ನು ತುಳಿಯಬೇಕಾಗಿಲ್ಲ. ಎಲ್ಲರಿಂದಲೂ ಅದು ಸಾಧ್ಯವೂ ಅಲ್ಲ. ನೆರೆಮನೆಯ ರೋಗಿಯ ಬಳಿ ವಾರಕ್ಕೊಂದು ರಾತ್ರಿ ಕುಳಿತು ಆ ಮನೆಯವರಿಗೆ ನಿದ್ರೆಯನ್ನು ಕೊಡಬಹುದು. ಆಸ್ಪತ್ರೆಗೆ ಹೋಗುವ ದಿನ ಜೊತೆಯಾಗಬಹುದು. ಸರಕಾರದ ಆರೋಗ್ಯ ಯೋಜನೆಯ ಕಾಗದಪತ್ರಗಳನ್ನು ಓದುಬಾರದವರಿಗೆ ತುಂಬಿಸಿಕೊಡಬಹುದು. ಅವರ ಮಕ್ಕಳಿಗೆ ಒಂದು ಹೊತ್ತು ಪಾಠವನ್ನು ಹೇಳಬಹುದು. ಮನೆಯ ಸಮಾರಂಭದಲ್ಲಿ ಹೊಗೆಸೊಪ್ಪಿನ ತಟ್ಟೆಯನ್ನು ಇಡದಿರಬಹುದು. ಮೂಡುಬಿದಿರೆಯ ಚೌಟರ ಅರಮನೆಯ ಮರದ ಕಂಬದಲ್ಲಿ ಪಂಚನಾರೀತುರಗವೆಂಬ ಕೆತ್ತನೆಯುಂಟು. ಐವರು ನಾರಿಯರು ಒಬ್ಬರನ್ನೊಬ್ಬರು ಹೆಣೆದುಕೊಂಡು ಒಂದು ಕುದುರೆಯಾಗಿದ್ದಾರೆ. ಒಬ್ಬಳೇ ಕುದುರೆಯಾಗಲಾರಳು; ಐವರಲ್ಲಿ ಒಬ್ಬಳು ಸರಿದರೂ ಕುದುರೆಯು ಉಳಿಯದು. ನಡೆಯಲಾರದವನನ್ನು ಹೊತ್ತು ನಡೆಯುವ ವಾಹನವನ್ನು ಸಮಾಜವು ಮಾಡಬೇಕಾದುದು ಹೀಗೆಯೇ. ಒಬ್ಬನ ಕಾಲು, ಒಬ್ಬನ ಕೈ, ಒಬ್ಬನ ಹಣ, ಒಬ್ಬಳ ಎಚ್ಚರ, ಒಬ್ಬಳ ಮಾತು ಕೂಡಿದಾಗ ಆ ವಾಹನವು ಸಿದ್ಧವಾಗುತ್ತದೆ. ಅದರ ಮೇಲೆ ಕುಳಿತು ಬರುವವನನ್ನು ರೋಗಿಯೆಂದು ಕಾಣದೆ ಶಿವಸ್ವರೂಪನೆಂದು ಕಾಣುವ ಕಣ್ಣನ್ನು ಗುರುಕೃಪೆಯು ಎಲ್ಲ ಶರಣಬಂಧುಗಳಿಗೂ ಕರುಣಿಸಲಿ.